ಅಕ್ಕನ ಕಾಯಿಲೆಗೆ ಇಟ್ಟ ಹೆಸರುಗಳು

ಅಕ್ಕನ ಬಾಣಂತನಕ್ಕೆಂದು ನಮ್ಮವ್ವ ಹಿಂದಿನ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ್ದಳು. ನಮ್ಮ ಕಡೆ ಬಾಣಂತಿ ಕೋಣೆ ಅಂದರೆ ಹಾಗೆಯೇ. ಗಾಳಿ ಆಡಬಾರದು, ಬೆಳಕು ಬೀಳಬಾರದು, ತಲೆಗೆ ಬಟ್ಟೆ ಸುತ್ತಿರಬೇಕು, ಕಿವಿಗೆ ಹತ್ತಿ ಇಟ್ಟಿರಬೇಕು. ಕೂಸಿನ ತಲೆದೆಸೆಯಲ್ಲಿ ಒಂದು ಕುಡುಗೋಲು, ಬಾಗಿಲಿಗೆ ಬೇವಿನ ಸೊಪ್ಪು. ಎಲ್ಲಕ್ಕಿಂತ ಮುಖ್ಯವಾಗಿ ಬಾಣಂತಿ ನೀರು ಕುಡಿಯಬಾರದು. ಮೆಣಸಿನ ಸಾರು, ಅನ್ನ, ಸುಟ್ಟ ಬೆಳ್ಳುಳ್ಳಿ, ಮೇಲೆ ಗಂಟಲು ನೆನೆಯುವಷ್ಟು ಕಾಯಿಸಿದ ನೀರು. ಮನೆಯಿಂದ ಹೊರಗೆ ಕಾಲಿಟ್ಟರೆ ನಾಲೆ, ಅದರಾಚೆಗೆ ಕಣ್ಣು ಹಾಯುವಷ್ಟು ದೂರ ನೀರು ನಿಂತ ಭತ್ತದ ಗದ್ದೆ. ಒಳಗೆ ಅಕ್ಕ ಒಡೆದ ತುಟಿ ಸವರಿಕೊಳ್ಳುತ್ತ ಮಲಗಿರುತ್ತಿದ್ದಳು. ನಾನು ಜಗಳವಾಡಿದೆ. "ನಿನ್ನ ಎತ್ತಾಗ ನಂಗೂ ಇಂಗೇ ಮಾಡಿದ್ರು. ನಾನೇನ್ ಸತ್ತೋದ್ನಾ?" ಅಂದಳು ಅವ್ವ. ಆ ವಾದಕ್ಕೆ ಏನು ಹೇಳುವುದು, ಎದುರಿಗೇ ನಿಂತಿದ್ದಾಳಲ್ಲ.

ನಾನು ಶ್ರೀರಂಗಪಟ್ಟಣದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಅರಕೆರೆಯಲ್ಲಿ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಯಾವ ಮಾತ್ರೆ ಯಾತಕ್ಕೆ ಅಂತ ಗೊತ್ತು, ಆದರೆ ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಹೆತ್ತವಳಲ್ಲ, ಮದುವೆಯೂ ಆಗಿಲ್ಲ, ಬಾಣಂತನದ ವಿಷಯಕ್ಕೆ ಬಾಯಿ ಹಾಕಲು ನಾನು ಯಾರು. ಅಪ್ಪ ಹೋಗಿ ವರ್ಷಗಳಾಗಿದ್ದವು. ಅವ್ವ, ನಾನು, ಹೆರಿಗೆಗೆ ಬಂದ ಅಕ್ಕ, ಇಷ್ಟೇ ಜನ.

ಅಕ್ಕ ಸಾಮಾನ್ಯದವಳಲ್ಲ. ತನ್ನ ಮದುವೆಯ ಊಟಕ್ಕೆ ಕೂತಾಗ, ಬಡಿಸುವವನು ನಮ್ಮ ಅಜ್ಜಿಯ ಎಲೆಗೆ ಪಲ್ಯ ಬಡಿಸದೆ ಮುಂದೆ ಹೋದನೆಂದು ಬಾಸಿಂಗ ಕಟ್ಟಿದ ತಲೆ ಎತ್ತಿ ಗದರಿದವಳು. ಬೀಗರೆಲ್ಲ ದಂಗು. ನಾಗಮಂಗಲ ತಾಲೂಕಿನ ಹೊಣಕೆರೆಯ ಹತ್ತಿರ ಅವಳನ್ನು ಕೊಟ್ಟಿದ್ದು. ಅಲ್ಲಿಯೂ ಅತ್ತೆಗೆ ಸರಿಸಮ ನಿಂತು ಸಂಸಾರ ಮಾಡುತ್ತಿದ್ದಳು. ಅಂಥವಳು ಹೆರಿಗೆಯಾಗಿ, ಕೂಸಿಗೆ ಇನ್ನೂ ಹೆಸರಿಡುವ ಮುಂಚೆಯೇ, ನಿದ್ದೆ ಮಾಡುವುದನ್ನು ಬಿಟ್ಟಳು. ಮೊದಮೊದಲು ಕೂಸು ಅಳುತ್ತದೆ ಅದಕ್ಕೆ ಅಂದುಕೊಂಡೆವು. ಆಮೇಲೆ ಕೂಸು ಮಲಗಿದರೂ ಇವಳು ಎದ್ದು ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಅವ್ವನನ್ನು ಕರೆದು, ಬಲು ಸಮಾಧಾನದಲ್ಲಿ, "ಇದು ನನ್ ಕೂಸಲ್ಲ ಕಣವ್ವ. ನೋಡು, ಕೈ ಬ್ಯಾರೆ. ಯಾರೋ ಬದ್ಲಾಯ್ಸವ್ರೆ" ಅಂದಳಂತೆ.

ಪಕ್ಕದ ಮನೆಯ ಮುದುಕಿ ಹಿಂದೆ ಸೂಲಗಿತ್ತಿಯಾಗಿದ್ದವಳು. ಬಂದು ಅಕ್ಕನ ಕಣ್ಣುರೆಪ್ಪೆ ಎತ್ತಿ ನೋಡಿ, ಅಂಗಾಲು ಮುಟ್ಟಿ, "ಸನ್ನಿ" ಅಂದಳು. ಬಾಣಂತಿ ಸನ್ನಿ. ಹಸಿ ಮೈಗೆ ತಂಪು ಸೇರಿದರೆ ಅದು ತಲೆಗೆ ಏರುತ್ತದೆ, ಆಗ ಹೆಂಗಸು ಇಲ್ಲದ್ದನ್ನೆಲ್ಲ ಆಡುತ್ತಾಳೆ ಅನ್ನುವುದು ಅವರ ಲೆಕ್ಕ. ಅಕ್ಕ ಕದ್ದು ನೀರು ಕುಡಿದದ್ದೂ ಆಗಲೇ ಹೊರಬಿತ್ತು. ಬಚ್ಚಲ ಹಂಡೆಯಲ್ಲಿ ಚೊಂಬು ಅದ್ದಿ ಕುಡಿದಿದ್ದಳು ಪಾಪ. ಇನ್ನೇನು ಬೇಕು ಸಾಕ್ಷಿಗೆ. ನಾನು ಸಂಜೆ ಬಂದಾಗ ಅವಳ ಹಣೆಯ ಎರಡೂ ಪಕ್ಕ ಕಪ್ಪನೆಯ ಗುಂಡು ಗುರುತು, ಪಾದಗಳ ಮೇಲೆಯೂ ಹಾಗೆಯೇ. ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಬರೆ ಹಾಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವನ ಮೇಲೆ ಕೂಗಾಡಿದೆ, ಮುದುಕಿಯ ಮನೆಯ ಬಾಗಿಲಿಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಒಳಗೆ ಬಂದರೆ ಅಕ್ಕ ನನ್ನ ಸೆರಗು ಹಿಡಿದು ಎಳೆದು, "ಸುಟ್ಬುಟ್ರು ಕಣಮ್ಮಿ. ನಾನೇನ್ ರೊಟ್ಟಿನಾ?" ಅಂದಳು. ಅವಳೇ ನಕ್ಕಳು. ನಾನು ಅತ್ತುಬಿಟ್ಟೆ.

ಇದೇನು ನಮ್ಮ ಮನೆಗೆ ಹೊಸದಲ್ಲ. ಅಜ್ಜಿ ಬದುಕಿದ್ದಾಗ ತನ್ನ ಓರಗಿತ್ತಿಯ ಕತೆ ಹೇಳುತ್ತಿದ್ದಳು. ಆ ಓರಗಿತ್ತಿಗೂ ಹೆರಿಗೆಯಾದ ಮೇಲೆ ಹೀಗೇ ಆಗಿತ್ತು. ತಲೆ ಬೋಳಿಸಿ, ನಿಂಬೆಹಣ್ಣು ಹೆಚ್ಚಿ ನೆತ್ತಿಗೆ ತಿಕ್ಕುತ್ತಿದ್ದರಂತೆ. ಬೆಳಗಾಗುತ್ತಲೇ ನಾಲೆಗೆ ಕರೆದೊಯ್ದು ಉಸಿರು ಕಟ್ಟುವ ತನಕ ಕೊಡದಿಂದ ತಣ್ಣೀರು ಸುರಿಯುತ್ತಿದ್ದರು. ಓಡಿಹೋಗದ ಹಾಗೆ, ತುಡುಗು ದನಕ್ಕೆ ಕಟ್ಟುವಂತೆ ಕಾಲಿಗೆ ಕೊರಡು ಕಟ್ಟಿದ್ದರು. ಕೊರಡು ಎಳೆದುಕೊಂಡೇ ಅವಳು ಕಸ ಗುಡಿಸುತ್ತಿದ್ದಳು, ಎಲ್ಲರ ಜೊತೆ ಕೂತು ಉಣ್ಣುತ್ತಿದ್ದಳು. ಒಂದು ಸುಗ್ಗಿಯಲ್ಲಿ ತಾನಾಗಿಯೇ ಸರಿಹೋದಳಂತೆ. ಆಮೇಲೆ ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿಕೊಂಡು ತಿರುಗಿದಳು. ಯಾರೂ ಅವಳನ್ನು ಹುಚ್ಚಿ ಅನ್ನಲಿಲ್ಲ. ನಮಗೆ ಜ್ವರ ಬಂದಿತ್ತು ಅನ್ನುವ ಹಾಗೆ, "ಅವಾಗ ಅವ್ಳಿಗೆ ಸೋಕಿತ್ತು" ಅನ್ನುತ್ತಿದ್ದರು, ಅಷ್ಟೆ. ಅಜ್ಜಿ ಈ ಕತೆಯನ್ನು ಸಂತೋಷದ ಕತೆಯಂತೆ ಹೇಳುತ್ತಿದ್ದಳು. ನನಗೆ ಮಾತ್ರ ಆ ಕೊರಡೇ ಕಣ್ಣಿಗೆ ಕಟ್ಟುತ್ತಿತ್ತು.

ಬರೆ ಹಾಕಿದರೂ ಸನ್ನಿ ಇಳಿಯಲಿಲ್ಲ. ಹೊಣಕೆರೆ ಕಡೆಯಿಂದ ಬಾವ ಮತ್ತು ಅಕ್ಕನ ಅತ್ತೆ ಬಂದರು. ಅತ್ತೆ ಬಾಗಿಲಲ್ಲೇ ನಿಂತು ಸೊಸೆಯನ್ನು ನೋಡಿ, "ಇದು ಸನ್ನಿ ಅಲ್ಲ ಕಣವ್ವ, ಇದು ಗಾಳಿ. ಯಾರ್ದು ಅಂತನೂ ನಂಗೆ ಗೊತ್ತು" ಅಂದರು. ಬಾವನ ಚಿಕ್ಕಮ್ಮ ಒಬ್ಬಳು ಅವರ ಮನೆಯಲ್ಲಿ ಬಾಣಂತಿಯಾಗಿರುವಾಗ ತೀರಿಕೊಂಡಿದ್ದಳು. ಕೂಸಿನ ಆಸೆ ತೀರದೆ ಹೋದವಳು, ಕೂಸು ಇರುವ ಕಡೆ ಬಂದೇ ಬರುತ್ತಾಳೆ. ಅತ್ತೆಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಒಂದು ಮಾತು ಹೇಳಲೇಬೇಕು, ಹಾಗೆ ಹೇಳುವಾಗ ಅತ್ತೆ ಅಕ್ಕನನ್ನು ಬಯ್ಯಲಿಲ್ಲ. ತಲೆ ನೇವರಿಸಿ, "ನಿನ್ ತಪ್ಪೇನೂ ಇಲ್ಲ ಬುಡು ಮಗಾ" ಅಂದರು. ಅವ್ವನ ಮುಖ ಕೂಡ ಹಗುರವಾಯಿತು. ನೀರು ಕುಡಿಯಲು ಬಿಟ್ಟಳೆಂಬ ಅಪವಾದ ಅವಳ ತಲೆಯ ಮೇಲಿಂದ ಇಳಿದಿತ್ತು.

ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಮೈಮೇಲೆ ದೇವರು ಬರುವ ಗುಡ್ಡಪ್ಪ ಇದ್ದಾನೆಂದು ಎಲ್ಲರೂ ಒಂದು ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಆ ಸತ್ತ ಚಿಕ್ಕಮ್ಮನ ಹೆಸರೆತ್ತಿ ಮಾತಾಡಿದ್ದೇ ಮಾತಾಡಿದ್ದು. ಗುಡ್ಡಪ್ಪ ಅಂದರೆ ಜಟೆ ಬಿಟ್ಟ ಭಯಂಕರ ಮನುಷ್ಯ ಇರಬಹುದೆಂದುಕೊಂಡಿದ್ದೆ. ಅವನೋ ಕಬ್ಬಿನ ಗದ್ದೆಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. "ಊಟ ಆಯ್ತಾ? ದೂರದಿಂದ ಬಂದಿದ್ದೀರಿ, ಕಾಫಿ ಕುಡೀರಿ" ಅಂತ ಉಪಚಾರ ಮಾಡಿದ. ಆಮೇಲೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಗುಡಿಯ ಮುಂದೆ ಬಂದು ನಿಂತಾಗ ಅವನ ದನಿಯೇ ಬೇರೆಯಾಗಿತ್ತು.

ಅಕ್ಕನ ಕೂದಲು ಬಿಚ್ಚಿ ಕೂರಿಸಿದರು. "ಯಾರು ನೀನು? ಯೋಳು" ಅಂದ.

ಅಕ್ಕ ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು ಹೇಳಿದಳು, ಅರಕೆರೆ ಅಂದಳು, ಕೊಟ್ಟ ಊರು ಹೇಳಿದಳು. ಎಷ್ಟೋ ದಿನಗಳಿಂದ ಅವಳ ಬಾಯಿಂದ ಅಷ್ಟು ಸರಿಯಾದ ಮಾತು ಬಂದಿರಲಿಲ್ಲ. ನನ್ನ ಎದೆ ಉಬ್ಬಿತು. ಗುಡ್ಡಪ್ಪ ಬೇವಿನ ಬರಲಿನಿಂದ ಬೆನ್ನಿಗೆ ಬಾರಿಸಿದ. "ಸುಳ್ಳಾಡಬ್ಯಾಡ. ಯಾರು ನೀನು?" ಮತ್ತೆ ತನ್ನ ಹೆಸರೇ ಹೇಳಿದಳು. ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಮುಖಕ್ಕೆ ಹೊಗೆ ಹಿಡಿದರು. ಕೆಮ್ಮುತ್ತ, ಕಣ್ಣು ಮೂಗು ಸುರಿಸುತ್ತ, "ನಾನೇ ಕಣಪ್ಪೋ, ನಾನೇ" ಅಂದಳು. "ಸರಿಯಾಗೇ ಹೇಳ್ತಾವ್ಳಲ್ಲ, ಯಾಕ್ ಹೊಡೀತೀರಿ?" ಅಂತ ನಾನು ಕಿರುಚಿದೆ. ಯಾರೋ ಹೆಂಗಸು ನನ್ನ ಬಾಯಿ ಮುಚ್ಚಿ, ಸುಮ್ಮನಿರದಿದ್ದರೆ ನನ್ನ ಮೇಲೂ ಬರುತ್ತದೆ ಎಂದು ಹೆದರಿಸಿದಳು. ಬರಲು ಮುರಿದು ಹೋಗಿ ಇನ್ನೊಂದು ತಂದರು. ಕೊನೆಗೆ ಅಕ್ಕ ಅತ್ತೆಯ ಕಡೆಗೆ ತಿರುಗಿ ನೋಡಿ, ದಾರಿಯುದ್ದಕ್ಕೂ ಕೇಳಿದ್ದ ಆ ಸತ್ತವಳ ಹೆಸರನ್ನು ಹೇಳಿಬಿಟ್ಟಳು.

ಸುತ್ತ ಇದ್ದವರೆಲ್ಲ ಉಸಿರು ಬಿಟ್ಟರು. ಬಾವ ಗುಡ್ಡಪ್ಪನ ಕಾಲಿಗೆ ಬಿದ್ದು ಗಳಗಳ ಅತ್ತ. ಅವನ ಅಳು ನಾಟಕವಲ್ಲ, ಹೆಂಡತಿ ಇನ್ನು ಸಿಕ್ಕಿದಳು ಅನ್ನುವ ಅಳು. ಅಕ್ಕನ ಒಂದು ಹಿಡಿ ಕೂದಲು ಕತ್ತರಿಸಿ ಅಲ್ಲಿಯ ಮರಕ್ಕೆ ಮೊಳೆ ಹೊಡೆದರು. ಕುತ್ತಿಗೆಗೆ ತಾಯಿತ ಕಟ್ಟಿ ದೇವರ ಕಟ್ಟು ಹಾಕಿದರು. ಕೂಸಿನ ಮುಡಿ ತೆಗೆಸಲು ಇದೇ ಗುಡಿಗೆ ಬರಬೇಕು, ಅಲ್ಲಿಯ ತನಕ ತಾಯಿ ಸೂಜಿ ಚುಚ್ಚಿಸಿಕೊಳ್ಳುವಂತಿಲ್ಲ, ಇಂಗ್ಲಿಷ್ ಔಷಧಿ ಸೇವಿಸುವಂತಿಲ್ಲ, ಸೇವಿಸಿದರೆ ಕಟ್ಟು ಮುರಿಯುತ್ತದೆ, ಮುರಿದರೆ ಹೋದವಳು ಮತ್ತೆ ಬರುತ್ತಾಳೆ.

ವಾರ ಕಳೆಯುವುದರೊಳಗೆ ಅಕ್ಕ ಮೊದಲಿಗಿಂತ ಕೆಟ್ಟಳು. ಕೂಸನ್ನು ಮುಟ್ಟುತ್ತಿರಲಿಲ್ಲ. ಹಾಲು ಬತ್ತಿತ್ತು. ಒಂದು ದಿನ ಕೂಸನ್ನು ಎತ್ತಿಕೊಂಡು ನಾಲೆಯ ಏರಿಯ ಮೇಲೆ ನಿಂತಿದ್ದಳು. ಗದ್ದೆಗೆ ಹೋಗುತ್ತಿದ್ದವರು ಕೈ ಹಿಡಿದು ಕರೆತಂದರು. ಯಾಕೆ ಹೋಗಿದ್ದೆ ಅಂದರೆ, "ಇದ್ರವ್ವಂಗೆ ಕೊಟ್ಬುಡಾನ ಅಂತ. ಕರೀತಾ ಅವ್ಳೆ" ಅಂದಳು. ಅವತ್ತಿನಿಂದ ಕೂಸನ್ನು ಅವ್ವ ಕಂಕುಳಿಂದ ಇಳಿಸಲಿಲ್ಲ. ನನಗೆ ಅಂಗಡಿಯಲ್ಲಿ ಕೈ ಓಡುತ್ತಿರಲಿಲ್ಲ. ಅಂಗಡಿಯ ಸಾಹೇಬರು ಏನೆಂದು ಕೇಳಿದಾಗ ಹೇಳಿದೆ. ಅವರು, "ನಮ್ ಆಪಾ, ದೊಡ್ಡಕ್ಕ, ಅವ್ರಿಗೂ ಡೆಲಿವರಿ ಆದ್ಮೇಲೆ ಇಂಗೇ ಆಗಿತ್ತಮ್ಮ. ತಾವೀಜ್ ಕಟ್ಸಿದ್ವಿ, ದುವಾ ಓದಿಸಿದ ನೀರು ಕುಡ್ಸಿದ್ವಿ, ಏನೂ ಆಗ್ಲಿಲ್ಲ. ಪಾಂಡವಪುರದಲ್ಲಿ ಒಬ್ರು ತಲೆ ಡಾಕ್ಟ್ರು ಬರ್ತಾರೆ. ತಡ ಮಾಡ್ಬೇಡ" ಅಂದರು.

ಅಕ್ಕನಿಗೆ ಕೂಸಿನ ಕೆಮ್ಮಿಗೆ ತೋರಿಸಬೇಕು ಅಂತ ಹೇಳಿ ಕರೆದೊಯ್ದೆವು. ಅವ್ವ ಬರಲು ಒಪ್ಪಿದ್ದೇ ದೊಡ್ಡದು. ನಾಲೆ ಏರಿಯ ದಿನ ಅವಳ ಧೈರ್ಯ ಉಡುಗಿಹೋಗಿತ್ತು. ಡಾಕ್ಟರು ಕೂಸನ್ನು ನೋಡುವ ಹಾಗೆ ಮಾಡಿ ಅಕ್ಕನನ್ನು ಮಾತಾಡಿಸಿದರು. ಆಮೇಲೆ ನನ್ನನ್ನು ಕರೆದು, ಇದು ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ, ಮಾತ್ರೆಯಿಂದ ವಾಸಿಯಾಗುತ್ತದೆ, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ, ಗುಣವಾಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ ಎಂದು ಬಿಡಿಸಿ ಹೇಳಿದರು. ಮನೆಗೆ ಬಂದು ಮಾತ್ರೆ ಕೊಟ್ಟರೆ ಅಕ್ಕ ಉಗಿದಳು. ತಾಯಿತ ಹಿಡಿದುಕೊಂಡು, "ಕಟ್ಟು ಮುರೀತದೆ, ಬ್ಯಾಡ, ಬ್ಯಾಡ" ಅಂತ ನಡುಗಿದಳು.

ಆಗ ಅವ್ವ ಒಂದು ದಾರಿ ಕಂಡುಹಿಡಿದಳು. ತಿಳಿದೂ ತಿಳಿದೂ ನುಂಗಿದರೆ ತಾನೆ ಕಟ್ಟು ಮುರಿಯುವುದು? ತಿನ್ನುವವಳಿಗೇ ಗೊತ್ತಿಲ್ಲದಿದ್ದರೆ ದೇವರು ಯಾರನ್ನು ಹಿಡಿಯುತ್ತಾನೆ? ವಕೀಲರೂ ತಲೆದೂಗಬೇಕು ಅಂಥ ವಾದ. ಅಂದಿನಿಂದ ಮಾತ್ರೆ ಕುಟ್ಟಿ ಮುದ್ದೆಯ ಮಧ್ಯಕ್ಕೆ ಸೇರಿಸಿ ತಟ್ಟೆಗೆ ಇಡತೊಡಗಿದಳು. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ಸಾರಿಗೆ ಅದ್ದಿ ನುಂಗುತ್ತೇವೆ, ಕಹಿ ನಾಲಿಗೆಗೆ ತಾಗುವುದಿಲ್ಲ. ನಾನು ಬೇಡ ಅನ್ನಲಿಲ್ಲ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಕೂಸನ್ನು ಎತ್ತಿಕೊಂಡು ನಾಲೆಯ ಮೇಲೆ ನಿಂತ ಅಕ್ಕನನ್ನು ಉಳಿಸಿಕೊಳ್ಳಲು ಬೇರೆ ಯಾವ ದಾರಿ ಇತ್ತು ನಮಗೆ?

ಮಾತ್ರೆ ಹಿಡಿಯಿತು. ಮೊದಲು ನಿದ್ದೆ ಬಂತು. ಎಂಥ ನಿದ್ದೆ ಅಂದರೆ ಅವ್ವ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಆಮೇಲೆ ಮಾತು ನಿಧಾನವಾಯಿತು. ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅಕ್ಕ ತಾನೇ ತಲೆ ಬಾಚಿಕೊಂಡು, ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. "ಏನಮ್ಮಿ, ಪೌಡರ್ ಆಕ್ಕೊಂಡು ಒಂಟಿದ್ದೀಯೆ, ಅಂಗ್ಡಿಗೋ ಗಂಡು ನೋಡಕ್ಕೋ?" ಅಂದಳು. ನಾನು ಅವತ್ತು ಬಸ್ಸು ತಪ್ಪಿಸಿಕೊಂಡೆ. ಅವಳ ಪಕ್ಕದಲ್ಲಿ ಕೂತು ಕೂಸಿನ ಕಾಲು ನೀವುತ್ತಿದ್ದೆ. ಆ ದಿನದಷ್ಟು ಸಂತೋಷ ನನಗೆ ಆಮೇಲೆ ಸಿಕ್ಕಿಲ್ಲ.

ಆದರೆ ಹೆಸರು ಬಂದದ್ದು ಗುಡ್ಡಪ್ಪನಿಗೆ. ಬರದೆ ಏನು, ಮಾತ್ರೆಯ ಸಂಗತಿ ಅವ್ವನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲವಲ್ಲ. ಬಾವ ಬಂದು ನೋಡಿ ಕೆ.ಆರ್. ಪೇಟೆಯ ದಿಕ್ಕಿಗೆ ಕೈ ಮುಗಿದ. ನನಗೆ ತಡೆಯಲಾಗಲಿಲ್ಲ. ಅಕ್ಕನ ಹತ್ತಿರ ಸುತ್ತಿ ಬಳಸಿ ಮಾತು ತೆಗೆದೆ. ಇದು ಕಾಯಿಲೆಯೂ ಇರಬಹುದಲ್ಲ ಅಕ್ಕ, ಕಾಯಿಲೆಯಾದರೆ ಔಷಧಿ ಉಂಟಲ್ಲ ಅಂದೆ. ಅಕ್ಕ ನನ್ನನ್ನೇ ನೋಡಿದಳು. "ಏನಂತ ಕಾಯಿಲೆ? ಉಚ್ಚಾ?" ಅಂದಳು. "ಗಾಳಿ ಆದ್ರೆ ಅದು ಓಯ್ತದೆ ಕಣಮ್ಮಿ, ನಾನು ಮನೇಲಿರ್ತೀನಿ. ಉಚ್ಚು ಅಂದ್ಬುಟ್ರೆ ನಾನೇ ಓಗ್ಬೇಕು. ನನ್ ಕೂಸ್ನ ಉಚ್ಚಿ ಮಗ್ಳು ಅಂತಾರೆ. ಇನ್ನೊಂದ್ಸಲ ಆ ಮಾತಾಡ್ಬ್ಯಾಡ." ನಾನು ಓದಿದವಳು, ಮೆಡಿಕಲ್ ಸ್ಟೋರಿನವಳು, ಬಾಯಿ ಮುಚ್ಚಿಕೊಂಡೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ತಳ್ಳಿಹಾಕುವ ಹಾಗಿರಲಿಲ್ಲ. ಬೇವಿನ ಬರಲಲ್ಲಿ ಹೊಡೆದವರು ಅವಳಿಗೆ ವಾಪಸು ಬರಲು ಒಂದು ಬಾಗಿಲು ಇಟ್ಟಿದ್ದರು. ಮಾತ್ರೆ ಕೊಟ್ಟ ನನ್ನ ಕಡೆ ಅಂಥ ಬಾಗಿಲು ಇರಲಿಲ್ಲ.

ಐದನೇ ತಿಂಗಳಿಗೆ ಅಕ್ಕನನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ಉಳಿದ ಮಾತ್ರೆಗಳನ್ನು ಏನು ಮಾಡಿದೆ ಅಂತ ಅವ್ವನನ್ನು ಕೇಳಿದೆ. "ಅವ್ಳ್ ಜೊತೇಲೇ ಕಳ್ಸಿವ್ನಿ ಬುಡು" ಅಂದಳು. ಬಾವನ ಕೈಗೆ ಗುಟ್ಟಾಗಿ ಕೊಟ್ಟಿರಬೇಕೆಂದು ತಿಳಿದು ನಿಶ್ಚಿಂತಳಾದೆ. ಅವ್ವ ಮಾಡಿದ್ದೇ ಬೇರೆ. ಅದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಬಾಣಂತಿಯನ್ನು ಕಳಿಸುವಾಗ ತವರಿನಿಂದ ಹುರಿಹಿಟ್ಟು ಕಟ್ಟಿಕೊಡುವುದು ನಮ್ಮಲ್ಲಿ ವಾಡಿಕೆ. ರಾಗಿ ಹುರಿದು, ಬೀಸಿ, ಬೆಲ್ಲ ಏಲಕ್ಕಿ ಹಾಕಿ ಡಬ್ಬ ತುಂಬಿಸಿದ್ದಳು. ಡಾಕ್ಟರು ಕೊಟ್ಟಿದ್ದ ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ಆ ಡಬ್ಬಕ್ಕೇ ಬೆರೆಸಿದ್ದಳು. ಮಗಳು ದಿನಾ ಒಂದು ಹಿಡಿ ಕಲಸಿಕೊಂಡು ತಿಂದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ.

ತವರಿನಿಂದ ಬಂದದ್ದನ್ನು ಕೇರಿಗೆ ಹಂಚುವುದೂ ವಾಡಿಕೆಯೇ ಅನ್ನುವುದು ಅವ್ವನಿಗೆ ಹೊಳೆಯಲಿಲ್ಲ. ತಾನೇ ಎಷ್ಟು ಸಲ ಹಂಚಿದವಳು!

ಅಕ್ಕ ಹೋಗಿ ಸೇರಿದ ದಿನವೇ ಅವಳ ಅತ್ತೆ ಡಬ್ಬ ಬಿಚ್ಚಿ ಮನೆಮನೆಗೆ ಬಟ್ಟಲಲ್ಲಿ ಹಾಕಿ ಕಳಿಸಿದರು. ಬೆಲ್ಲ ಕಂಡರೆ ಅವರಿಗೆ ಪ್ರಾಣ, ತಾವೂ ತುಪ್ಪ ಕಲಸಿ ಚೆನ್ನಾಗಿಯೇ ತಿಂದರು. ಹಾಲು ಕರೆಯುವ ಹೊತ್ತು ಮೀರಿ ಎಮ್ಮೆಗಳು ಕೂಗಿಕೊಂಡರೂ ಅತ್ತೆ ಏಳಲಿಲ್ಲ. ಆಚೆ ಮನೆಯ ಹೆಂಗಸಿಗೆ ತಲೆ ತಿರುಗಿತು. ಇನ್ನೊಬ್ಬಳು ಒಲೆಯ ಮುಂದೆಯೇ ತೂಕಡಿಸಿದಳು. ಪುಣ್ಯಕ್ಕೆ ಚಿಕ್ಕ ಮಕ್ಕಳು ಯಾರೂ ತಿಂದಿರಲಿಲ್ಲ. ಅವತ್ತು ಪಿತ್ತ ಗಿತ್ತ ಅಂದುಕೊಂಡು, ಉಳಿದ ಹಿಟ್ಟನ್ನು ತಿಪ್ಪೆಗೆ ಸುರಿದು ಸುಮ್ಮನಾದರು.

ಅಕ್ಕನ ಮಾತ್ರೆಯೂ ತಿಪ್ಪೆಗೆ ಹೋಯಿತು. ಕೆಲವೇ ವಾರದಲ್ಲಿ ಅವಳ ನಿದ್ದೆ ಹೋಯಿತು. ಮತ್ತೆ ಕೂಸಿನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡತೊಡಗಿದಳು. ಅತ್ತೆ ಆಗ ಹಿಂದಿನದನ್ನು ನೆನೆದು ಕೂಡಿಸಿ ನೋಡಿದರು. ತವರಿನ ಹಿಟ್ಟು, ತಾವು ಹೆಣದಂತೆ ಬಿದ್ದದ್ದು, ಕೇರಿಯವರ ತಲೆಸುತ್ತು, ಈಗ ಸೊಸೆಗೆ ತಿರುಗಿ ಬಂದದ್ದು. "ಮದ್ದಿಟ್ಟವ್ಳೆ" ಅಂದರು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಕೆಲವು ಮನೆಯ ಹೆಂಗಸರು ಊಟದಲ್ಲಿ ಏನೋ ಬೆರೆಸಿ ಇಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ, ಬುದ್ಧಿ ಕೆಡಿಸುತ್ತದೆ ಅಂತ ಜನ ನಂಬುತ್ತಾರೆ. ಅಂಥ ಹೆಸರು ಬಂದ ಮನೆಯಲ್ಲಿ ಯಾರೂ ತೊಟ್ಟು ನೀರು ಮುಟ್ಟುವುದಿಲ್ಲ. ಅದಕ್ಕೆ ಚಿಕಿತ್ಸೆ ವಾಂತಿ. ಯಾರನ್ನೋ ಕರೆಸಿ ಸೊಪ್ಪಿನ ರಸ ಹಿಂಡಿ ಅಕ್ಕನ ಬಾಯಿಗೆ ಹುಯ್ದರು. ಬಾವ ಫೋನು ಮಾಡಿದ. "ನಿಮ್ಮವ್ವ ಅದ್ರಲ್ಲಿ ಏನ್ ಆಕಿದ್ರು? ನಿಜ ಯೋಳವ್ವ."

ನಾನು ಅವ್ವನನ್ನು ಕೇಳಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಲ್ಲ ಹೇಳಿದಳು.

ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ನಾಗಮಂಗಲದ ಬಸ್ಸು. ದಾರಿಯುದ್ದಕ್ಕೂ ಒಂದೇ ಯೋಚನೆ. ನಿಜ ಹೇಳಿದರೆ ಅಕ್ಕ ಹುಚ್ಚಿಯಾಗುತ್ತಾಳೆ. ಹೇಳದಿದ್ದರೆ ಅವ್ವ ಮದ್ದಿಟ್ಟವಳಾಗುತ್ತಾಳೆ, ಅಕ್ಕನಿಗೆ ವಾಂತಿ ಮಾಡಿಸಿ ಮಾಡಿಸಿಯೇ ಕೊಲ್ಲುತ್ತಾರೆ. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಅನ್ನಿಸಿತು.

ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಸೀರೆಯ ಮೇಲೆಲ್ಲ ಹಸಿರು. ಮುಖದಲ್ಲಿ ರಕ್ತವಿಲ್ಲ. ಕೂಸು ಒಳಗೆಲ್ಲೋ ಅಳುತ್ತಿತ್ತು. ಸೊಪ್ಪಿನ ರಸದ ಬಟ್ಟಲು ಇನ್ನೊಮ್ಮೆ ತುಂಬಿ ಬಂದಿತ್ತು. ನಾನು ಆ ಬಟ್ಟಲನ್ನು ಅಂಗಳಕ್ಕೆ ಎಸೆದೆ. "ಮದ್ದಲ್ಲ ಅತ್ತೆ. ಡಾಕ್ಟ್ರು ಕೊಟ್ಟ ಮಾತ್ರೆ. ಅರಕೆರೇಲಿ ದಿನಾ ಅದನ್ನ ತಿಂದೇ ಅಕ್ಕ ಸರಿಹೋಗಿದ್ಲು. ನಿಮ್ ಗುಡ್ಡಪ್ಪನಿಂದ ಅಲ್ಲ" ಅಂದೆ. ಅಂಗಡಿಯಿಂದ ತಂದಿದ್ದ ಮಾತ್ರೆಯ ಹಾಳೆಯನ್ನು ಬಾವನ ಕೈಗೆ ಇಟ್ಟೆ.

"ಕಟ್ಟು ಮುರುದ್ಬುಟ್ರಲ್ಲವ್ವ" ಅಂತ ಅತ್ತೆ ನೆಲಕ್ಕೆ ಕುಸಿದರು. ಬಾವ ಮಾತ್ರೆಯನ್ನು ತಿರುಗಿಸಿ ನೋಡಿ, "ಉಚ್ಚಿಂದಾ?" ಅಂದ. ನಾನು ಅದು ಹಾಗಲ್ಲ ಬಾವ, ಬಾಣಂತಿಯರಿಗೆ ಬರುವ ಕಾಯಿಲೆ ಅಂತ ಶುರು ಮಾಡಿದೆ. ಅವನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಆಗ ಕಂಬದ ಹತ್ತಿರದಿಂದ ಅಕ್ಕ ಕೇಳಿದಳು. "ಮುದ್ದೆಗೂ ಆಕಿದ್ರಾ?"

ನಾನು ಹೌದೆಂದು ತಲೆಯಾಡಿಸಿದೆ. "ದಿನಾ?" ಅಂದಳು.

ಹೂಂ ಅಂದೆ. ಅವಳು ಬಾಯಿಗೆ ಬೆರಳು ಹಾಕಿ ತಾನೇ ವಾಂತಿ ಮಾಡಲು ಶುರು ಮಾಡಿದಳು.

ಅಕ್ಕ ಈಗ ಅರಕೆರೆಯಲ್ಲಿದ್ದಾಳೆ. ಕೂಸು ಅಲ್ಲಿ, ಬಾವನ ಮನೆಯಲ್ಲಿ. ಬಾವ ಕೆಟ್ಟವನಲ್ಲ, ಆಗಾಗ ಫೋನು ಮಾಡುತ್ತಾನೆ, ಕೂಸಿನ ನಗು ಕೇಳಿಸುತ್ತಾನೆ. ಆದರೆ ಕರೆದೊಯ್ಯುವ ಮಾತೆತ್ತಿದರೆ, "ವಾಸಿ ಆಗ್ಲಿ ನೋಡಾನ" ಅನ್ನುತ್ತಾನೆ. ವಾಸಿಯಾಗಲು ಮಾತ್ರೆ ಬೇಕು. ಅಕ್ಕ ಮಾತ್ರೆ ಮುಟ್ಟುವುದಿಲ್ಲ. ಮಾತ್ರೆ ಇರಲಿ, ಅವ್ವ ಬೇಯಿಸಿದ ಅನ್ನವನ್ನೇ ಮುಟ್ಟುವುದಿಲ್ಲ. ಯಾವುದರಲ್ಲಿ ಏನನ್ನೂ ಬೆರೆಸಲು ಆಗುವುದಿಲ್ಲವೋ ಅದನ್ನು ಮಾತ್ರ ತಿನ್ನುತ್ತಾಳೆ. ಸಿಪ್ಪೆ ಬಿರಿಯದ ಬಾಳೆಹಣ್ಣು, ಎದುರಿಗೇ ಕೊಚ್ಚಿದ ಎಳನೀರು, ಚಿಪ್ಪಿನ ಸಮೇತ ಬೇಯಿಸಿದ ಮೊಟ್ಟೆ. ಮೈ ಇಳಿದುಹೋಗಿದೆ. ಅವ್ವ ಅವಳ ಎದುರಿಗೆ ಕೂತು ತಾನು ಮೊದಲು ತುತ್ತು ನುಂಗಿ ತೋರಿಸುತ್ತಾಳೆ, ಬೇಡುತ್ತಾಳೆ, ಆಣೆ ಇಡುತ್ತಾಳೆ. ಕೊನೆಗೆ ಅಡುಗೆಮನೆಗೆ ಹೋಗಿ ಅಳುತ್ತಾಳೆ. ಪಾಂಡವಪುರದ ಡಾಕ್ಟರನ್ನು ಮತ್ತೆ ಕಂಡೆ. ತಾನಾಗಿ ಬರಲು ಒಪ್ಪಿದರೆ ಚೆನ್ನ, ಇಲ್ಲದಿದ್ದರೆ ಎತ್ತಿಕೊಂಡು ಬಂದಾದರೂ ಸೇರಿಸಬೇಕಾಗುತ್ತದೆ ಅಂದರು. ಊಟದಲ್ಲಿ ಏನೋ ಬೆರೆಸಿದ್ದಾರೆ ಅನ್ನುವ ಅನುಮಾನ ಈ ಕಾಯಿಲೆಯ ಲಕ್ಷಣವಮ್ಮ, ವಾದ ಮಾಡಬೇಡಿ ಅಂತಲೂ ಹೇಳಿದರು.

ಮೊನ್ನೆ ಭಾನುವಾರ ನಾನು ಆ ಬುದ್ಧಿಮಾತನ್ನು ಮೀರಿದೆ. ಅಕ್ಕ ನಡುಮನೆಯಲ್ಲಿ ಕೂತು ಮೊಟ್ಟೆ ಸುಲಿಯುತ್ತಿದ್ದಳು. ಅವಳ ಮಣಿಕಟ್ಟು ನೋಡಿ ನನಗೆ ಸಂಕಟ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, "ಅಕ್ಕ, ನಾವು ನಿನ್ನ ಒಡಹುಟ್ಟಿದೋರು, ಹೆತ್ತೋರು. ನಿನಗೆ ಕೆಟ್ಟದ್ದು ಮಾಡ್ತೀವಾ? ನಮ್ಮನ್ನ ನಂಬಕ್ಕೆ ಆಗಲ್ವಾ?" ಅಂದೆ.

ಅವಳು ನನ್ನನ್ನು ನೋಡಿದಳು. ಕಣ್ಣಿನಲ್ಲಿ ಯಾವ ಮಂಕೂ ಇರಲಿಲ್ಲ. ಪಲ್ಯ ಬಡಿಸದವನನ್ನು ಗದರಿದ್ದ ಅದೇ ಅಕ್ಕ.

"ಬೆರ್ಸಿದ್ರೋ ಇಲ್ವೋ, ಅಷ್ಟು ಯೋಳು" ಅಂದಳು.

"ಬೆರೆಸಿದ್ವು."

"ಮತ್ತೆ?" ಅಂದಳು. ಮೊಟ್ಟೆಯನ್ನು ಎರಡು ಹೋಳು ಮಾಡಿ ಒಳಗೆ ನೋಡಿ, ತಿಂದಳು.